ಸಂಜೆಗೆ ಏಳುವ ಎಲೆ

ಮುಂಡಗೋಡದಿಂದ ಪಾಳಾ ಕಡೆಗೆ ಹೋಗುವ ದಾರಿಯಲ್ಲಿ ಕಾಡು ಕಡಿದು ಮಾಡಿದ ಆರೆಕರೆ ಹಣ್ಣಿನ ತೋಟವೊಂದಿತ್ತು. ಅಲ್ಲಿ ಮಹಾಂತಪ್ಪ ಮಾಲಿಯ ಅಪ್ಪಣೆ ಇಲ್ಲದೆ ಒಂದು ಎಲೆಯೂ ಅಲ್ಲಾಡುವುದಿಲ್ಲ ಎಂದು ಜನ ಹೇಳುತ್ತಿದ್ದರು. ಹಾಗೆ ಹೇಳುವ ಜನರಲ್ಲಿ ಮೊದಲಿನವನು ಮಹಾಂತಪ್ಪನೇ. ಉಳಿದವರು ಅವನಿಂದ ಕೇಳಿ ಹೇಳುತ್ತಿದ್ದರು.

ಅವನ ರಾಜ್ಯದ ಪ್ರಜೆಗಳು ಇನ್ನೂರು ಪಪ್ಪಾಯಿ, ಎಂಬತ್ತು ಪೇರಲ, ನಲವತ್ತು ಲಿಂಬೆ, ಮೂವತ್ತು ಆಪೂಸ್ ಮಾವಿನ ಕಸಿ. ದಂಡು ಎಂದರೆ ಕೊಡ ಹೊರುವ ಇಬ್ಬರು ಹೆಂಗಸರು: ಒಬ್ಬಳು ಅವನ ಹೆಂಡತಿ ಮಾಲವ್ವ, ಇನ್ನೊಬ್ಬಳು ಹತ್ತಿರದ ಸಿದ್ದಿ ಕೇರಿಯ ಕಾತರಿನಾ. ಆಯುಧಶಾಲೆಯಲ್ಲಿ ಒಂದು ಕುಡುಗೋಲು, ಒಂದು ಕಸಿ ಚಾಕು, ಅರ್ಧ ತೂತು ಮುಚ್ಚಿಹೋದ, ನೀರು ಚಿಮುಕಿಸುವ ಒಂದು ಝಾರಿ. ತೋಟದ ಧಣಿ ಮರದ ದಿಮ್ಮಿ ಮಾರುವ ಹುಬ್ಬಳ್ಳಿಯ ನಾಟಾ ವ್ಯಾಪಾರಿ. ಹತ್ತು ದಿನಕ್ಕೊಮ್ಮೆ ಜೀಪಿನಲ್ಲಿ ಬರುತ್ತಿದ್ದ. ಅವನು ಬಂದಾಗ ತೋಟ ಅವನದು. ಜೀಪಿನ ಧೂಳು ಅಡಗುತ್ತಲೇ ಮತ್ತೆ ಮಹಾಂತಪ್ಪನದು.

ಮಹಾಂತಪ್ಪ ಹುಟ್ಟಿದ್ದು ನವಲಗುಂದದ ಕಡೆಯ ಎರೆಭೂಮಿಯಲ್ಲಿ. ಅಲ್ಲಿ ಒಂದು ಜಾಲಿಗಿಡ ಇದ್ದರೆ ನಾಲ್ಕು ಊರಿನವರು ದಾರಿ ಹೇಳಲು ಅದನ್ನೇ ಹೇಳುತ್ತಾರೆ. ಅಂಥ ಊರಿನವನು ಗಿಡದ ಶಾಸ್ತ್ರಿಯಾದದ್ದು ಧಾರವಾಡದ ಹತ್ತಿರ ಒಂದು ತೋಟದಲ್ಲಿ, ಒಬ್ಬ ಮುದಿ ಮಾಲಿಯ ಕೈಕೆಳಗೆ. ಆ ಮುದುಕ ಬಾಯಿಂದ ಏನನ್ನೂ ಕಲಿಸಲಿಲ್ಲ. ತಪ್ಪು ಮಾಡಿದರೆ ಕಿವಿ ಹಿಂಡುತ್ತಿದ್ದ. ಹನ್ನೆರಡು ವರ್ಷ ಕಿವಿ ಹಿಂಡಿಸಿಕೊಂಡ ಮೇಲೆ ಮಹಾಂತಪ್ಪನ ಎಡಗಿವಿ ಬಲಗಿವಿಗಿಂತ ಒಂದು ಬೆರಳು ಉದ್ದವಾಗಿತ್ತು, ವಿದ್ಯೆಯೂ ತಕ್ಕಮಟ್ಟಿಗೆ ಬಂದಿತ್ತು. ಸಾವಿರದ ಒಂಬೈನೂರ ಐವತ್ತೇಳರಲ್ಲಿ ನಾಟಾ ವ್ಯಾಪಾರಿ ಅವನನ್ನು ಈ ಸೀಮೆಗೆ ಕರೆತಂದ. ಈ ಸೀಮೆಯ ನೀರು ಒಳ್ಳೆಯದಲ್ಲ, ಹೋದವರು ಚಳಿಜ್ವರ ಹಚ್ಚಿಕೊಂಡು ಬರುತ್ತಾರೆ ಎಂದು ಬೀಗರೆಲ್ಲ ಹೇಳಿದರು. ಮಾಲವ್ವ ಮಾತ್ರ ರೊಟ್ಟಿ ಬಡಿಯುವ ಕೊಣಮಿಗೆ, ಹಂಚು, ಎರಡು ಕೌದಿ ಗಂಟು ಕಟ್ಟಿದಳು.

ಅವನು ಬರುವ ಮೊದಲು ಇದ್ದ ಮಾಲಿಯೊಬ್ಬ ಎಂಬತ್ತು ಪಪ್ಪಾಯಿ ಕೊಂದು ಓಡಿಹೋಗಿದ್ದ. ಕೊಂದದ್ದು ನೀರು ಹಾಕದೆ ಅಲ್ಲ, ಹಾಕಿ. ಬೇಸಿಗೆಯ ಮಧ್ಯಾಹ್ನ ಪಪ್ಪಾಯಿಯ ಎಲೆಗಳು ಮಡಚಿದ ಕೊಡೆಯ ಹಾಗೆ ಜೋತುಬೀಳುತ್ತವೆ. ಅದನ್ನು ಕಂಡು ಅವನ ಕರುಳು ಕಿತ್ತುಬಂದು ಬುಡಕ್ಕೆ ಎರಡೆರಡು ಕೊಡ ಸುರಿಯುತ್ತಿದ್ದ. ಒಂದು ತಿಂಗಳಲ್ಲಿ ಬುಡ ಕೊಳೆತು ಗಿಡಗಳು ಕುಡುಕರ ಹಾಗೆ ಒಂದೊಂದೇ ಅಡ್ಡಬಿದ್ದವು.

ಮಹಾಂತಪ್ಪನ ಮಹಾಯುದ್ಧ ನಡೆದದ್ದು ಐವತ್ತೆಂಟರ ಏಪ್ರಿಲ್‌ನಲ್ಲಿ. ಧಣಿ ಒಂದು ದಿನ ಸರಿಯಾಗಿ ಮಟಮಟ ಮಧ್ಯಾಹ್ನಕ್ಕೆ ಬಂದಿಳಿದ. ನೋಡುತ್ತಾನೆ, ಇನ್ನೂರು ಹೊಸ ಪಪ್ಪಾಯಿಯೂ ಸತ್ತವರ ಮನೆಯ ಮುಂದೆ ಕುಳಿತವರಂತೆ ತಲೆ ತಗ್ಗಿಸಿ ನಿಂತಿವೆ. ಮಾಲಿ ಬೇವಿನ ನೆರಳಿನಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದಾನೆ. ಧಣಿಯ ಬಾಯಿಂದ ಬಂದ ಮಾತುಗಳಲ್ಲಿ ಅಚ್ಚು ಹಾಕಬಹುದಾದದ್ದು ಒಂದೇ: ಈಗಿಂದೀಗ ನೀರು ಹಾಕು. ಮಹಾಂತಪ್ಪ ಎದ್ದು ನಿಂತ, ರುಮಾಲು ಸರಿಮಾಡಿಕೊಂಡ, ಹಾಕುವುದಿಲ್ಲ ಎಂದ.

"ಅವಕ್ಕ ನೀರಡಿಕಿ ಆಗಿಲ್ಲರಿ, ಸಾವಕಾರ್ರ. ಬಿಸಲಿಗೆ ಮಾರಿ ಮುಚ್ಚಿಕೊಂಡಾವ. ಸಂಜಿ ಮಟಾ ಕುಂದರ್ರಿ. ಎದ್ದು ನಿಂದರಲಿಲ್ಲಂದ್ರ ನನ್ನ ಅಡ್ಡ ಮಲಗಿಸಿ ಜೀಪ್ ಹಾಯಿಸ್ರಿ."

ಧಣಿಗೆ ಈ ಷರತ್ತು ಹಿಡಿಸಿತು. ಮಾಲವ್ವ ಮಾಡಿಕೊಟ್ಟ ಚಹಾ ಕುಡಿಯುತ್ತ ಕುಳಿತ. ಮೂರು ಗಂಟೆಗೆ ಎಲೆಗಳು ಹಾಗೆಯೇ ಇದ್ದವು. ನಾಲ್ಕಕ್ಕೂ ಹಾಗೆಯೇ. ಡ್ರೈವರ್ ಜೀಪಿನ ಗಾಲಿಯ ಗಾಳಿ ನೋಡಿಕೊಂಡ. ಐದಕ್ಕೆ ಬಿಸಿಲು ತೇಗದ ಮರಗಳ ಹಿಂದೆ ಸರಿಯಿತು, ಘಟ್ಟದ ಕಡೆಯಿಂದ ತಂಪು ಹಸಿ ಗಾಳಿ ಬಂತು. ಆಗ ಯಾರೋ ಕೆಳಗಿನಿಂದ ಸನ್ನೆ ಕೊಟ್ಟಂತೆ ಒಂದೊಂದೇ ಎಲೆ ತೊಟ್ಟು ಬಿಗಿದು ಮೇಲೆ ಎದ್ದಿತು. ಆರು ಗಂಟೆಗೆ ಇನ್ನೂರು ಗಿಡವೂ ಕೊಡೆ ಬಿಚ್ಚಿ ಸಾಲಾಗಿ ನಿಂತಿದ್ದವು. ಧಣಿ ಜೀಪು ಹತ್ತಿದ. ಅಂದಿನಿಂದ ಮಹಾಂತಪ್ಪ ನಡೆಯುವ ರೀತಿಯೇ ಬದಲಾಯಿತು. ಕಾಲು ನೆಲಕ್ಕೆ ತಾಗುತ್ತಿತ್ತು ನಿಜ, ಆದರೆ ನೆಲದ ಮೇಲೆ ಉಪಕಾರ ಮಾಡಿದಂತೆ ತಾಗುತ್ತಿತ್ತು.

ಅವನ ನ್ಯಾಯಸೂತ್ರ ಸರಳವಾಗಿತ್ತು. ಮಧ್ಯಾಹ್ನ ಬಾಡಿದ ಎಲೆಯ ಮಾತು ಕೇಳಬಾರದು. ಬೇರು ಎಷ್ಟು ನೀರು ಕಳಿಸುತ್ತದೋ ಅದಕ್ಕಿಂತ ಹೆಚ್ಚನ್ನು ಬಿಸಿಲು ಕುಡಿಯುತ್ತದೆ; ಗಿಡ ಎಲೆ ಮಡಚಿ ಬಾಗಿಲು ಮುಚ್ಚಿಕೊಳ್ಳುತ್ತದೆ, ಅಷ್ಟೇ. ಸಂಜೆಗೆ ಎದ್ದರೆ ಗಿಡ ಗಟ್ಟಿ. ನಿಜವಾದ ಸಾಕ್ಷಿ ನಸುಕಿನ ಎಲೆ. ಇಡೀ ರಾತ್ರಿ ತಂಪಿನಲ್ಲಿ ಕುಡಿದೂ ಬೆಳಗಿಗೆ ಜೋತಿದ್ದರೆ ಮಾತ್ರ ಚಿಂತೆ. ಅದಕ್ಕಾಗಿ ಅವನು ಪ್ರತಿದಿನ ಸೂರ್ಯ ಹುಟ್ಟುವ ಮೊದಲು ದರ್ಬಾರಿಗೆ ಹೊರಡುತ್ತಿದ್ದ. ಅಂಗೈ ತೊಗಟೆಯಂತಾಗಿ ಅದಕ್ಕೆ ಏನೂ ತಿಳಿಯುತ್ತಿರಲಿಲ್ಲವಾದ್ದರಿಂದ ಮುಂಗೈಯಿಂದ ಒಂದೊಂದು ಎಲೆ ಮುಟ್ಟಿ ನೋಡುತ್ತಿದ್ದ.

ಇಷ್ಟಕ್ಕೇ ನಿಲ್ಲುವ ವಿದ್ಯೆಯಲ್ಲ ಅದು. ಮುಂಡಗೋಡ ಸೀಮೆಗೆ ಒಂದು ಕಡೆ ಹಸಿ ಘಟ್ಟ, ಇನ್ನೊಂದು ಕಡೆ ಒಣ ಬಯಲು. ಬಯಲಿನಿಂದ ಮೂಡುಗಾಳಿ ಹೊರಟ ಸುದ್ದಿ ಮಹಾಂತಪ್ಪನಿಗೆ ಲಿಂಬೆಯ ಎಲೆ ದೋಣಿಯಂತೆ ಸುರುಳಿಯಾಗುವುದರಿಂದ ತಿಳಿಯುತ್ತಿತ್ತು. ಮಾವಿನ ಕೆಂಪು ಚಿಗುರು ಜೋತುಬಿದ್ದಿರುವುದು ಸೊರಗಿ ಅಲ್ಲ, ಎಳೆಯ ಮೈಗೆ ಬಿಸಿಲು ನೇರವಾಗಿ ಬೀಳದಿರಲಿ ಎಂದು. ಹಸಿರಾಗಿ ಗಟ್ಟಿಯಾದ ಮೇಲೆ ತಾನೇ ಎತ್ತಿಕೊಳ್ಳುತ್ತದೆ. ಒಂದೇ ಪೇರಲದಲ್ಲಿ ನೆರಳಿನ ಕಡೆಯ ಎಲೆ ಅಗಲ, ತೆಳು. ಬಿಸಿಲಿನ ಕಡೆಯದು ಸಣ್ಣದು, ದಪ್ಪ. ಇದನ್ನೆಲ್ಲ ಅವನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಸಂತೆಯ ದಿನ ಬದನೆಕಾಯಿ ಕೊಳ್ಳಲು ಹೋದರೆ ಬದನೆಕಾಯಿ ಮಾರುವವಳಿಗೂ ಹೇಳಿ ಬರುತ್ತಿದ್ದ.

ಒಮ್ಮೆ ಕಾತರಿನಾ ಕನಿಕರಪಟ್ಟು ಕಟ್ಟಕಡೆಯ ಸಾಲಿನ ಒಂದು ಪಪ್ಪಾಯಿಗೆ ನಾಲ್ಕು ಮಧ್ಯಾಹ್ನ ಗುಟ್ಟಾಗಿ ನೀರು ಹಾಕಿದಳು. ಅದರ ಬುಡ ಕೊಳೆಯಿತು. ಮಹಾಂತಪ್ಪ ಅದನ್ನು ಕಿತ್ತು, ಕೊಳೆತ ಬೇರು ಅವಳ ಮೂಗಿನ ಹತ್ತಿರ ಹಿಡಿದು, ಇದು ಕರುಣೆಯಿಂದ ಸತ್ತ ಗಿಡ, ಚೆನ್ನಾಗಿ ನೋಡು ಎಂದ. ಕಾತರಿನಾ ಮೂಗು ಮುಚ್ಚಿಕೊಂಡು ನೋಡಿದಳು. ಮಾಲವ್ವ ನಕ್ಕಳು.

ಐವತ್ತೊಂಬತ್ತರ ಭಾದ್ರಪದದಲ್ಲಿ, ಮಳೆ ತೆರಪು ಕೊಟ್ಟು ಗುಂಡಿಗಳಲ್ಲಿ ನೀರು ನಿಂತ ಹೊತ್ತಿನಲ್ಲಿ, ಮಾಲವ್ವನಿಗೆ ಜ್ವರ ಬಂತು. ಮಧ್ಯಾಹ್ನದ ಹೊತ್ತಿಗೆ ಕೊಡ ಇಳಿಸಿ ಗುಡಿಸಲಿಗೆ ಹೋಗಿ ಬಿದ್ದುಕೊಂಡಳು. ಹಲ್ಲು ಕಟಕಟ ಎನ್ನುತ್ತಿತ್ತು. ಎರಡು ಕೌದಿ, ಅದರ ಮೇಲೆ ಗೋಣಿಚೀಲ ಹೊದಿಸಿದರೂ ನಡುಕ ನಿಲ್ಲಲಿಲ್ಲ. ಆಮೇಲೆ ಮೈ ಹಂಚಿನಂತೆ ಕಾದಿತು, ಆಮೇಲೆ ಬೆವರು ಹರಿಯಿತು. ದೀಪ ಹಚ್ಚುವ ಹೊತ್ತಿಗೆ ಎದ್ದು ಕುಳಿತು, ಒಲೆ ಹೊತ್ತಿಸಿ, ರೊಟ್ಟಿ ಬಡಿದಳು. ಮರುದಿನ ಏನೂ ಇಲ್ಲ. ಅದರ ಮರುದಿನ ಮಧ್ಯಾಹ್ನ ಮತ್ತೆ ಕೌದಿ.

ಹೀಗೆ ದಿನ ಬಿಟ್ಟು ದಿನ ಮೂರು ಸಲ ನಡೆದ ಮೇಲೆ ಮಹಾಂತಪ್ಪನಿಗೆ ಸಂಶಯ ಉಳಿಯಲಿಲ್ಲ. ಬೇರೆ ಯಾವ ಗಂಡನಾದರೂ ಹೆದರುತ್ತಿದ್ದ. ಇವನ ಮುಖದಲ್ಲಿ ಗುರುತಿನವರನ್ನು ಸಂತೆಯಲ್ಲಿ ಕಂಡ ಸಂತೋಷ ಮೂಡಿತು. ಮಧ್ಯಾಹ್ನ ಬೀಳುತ್ತಾಳೆ, ಸಂಜೆಗೆ ಏಳುತ್ತಾಳೆ, ಬೆಳಗ್ಗೆ ನೆಟ್ಟಗಿರುತ್ತಾಳೆ. ಇಷ್ಟು ಸ್ಪಷ್ಟವಾದ ಸಾಕ್ಷಿ ಅವನಿಗೆ ಪಪ್ಪಾಯಿಯಲ್ಲೂ ಸಿಕ್ಕಿರಲಿಲ್ಲ. ಬೇರು ಗಟ್ಟಿ ಇದೆ ಎಂದು ತೀರ್ಪು ಕೊಟ್ಟು ಎಲೆಯಡಿಕೆ ಹಾಕಿಕೊಂಡ.

"ನಿಮ್ಮ ಗಿಡಕ್ಕ ಸಂಜಿಗೆ ರೊಟ್ಟಿ ಬಡಿಯೂ ಕೆಲಸ ಇಲ್ಲಲ್ಲರಿ," ಎಂದಳು ಮಾಲವ್ವ. "ಇದ್ದಿದ್ದರ ಅವೂ ಎಷ್ಟು ದಿನ ಎದ್ದು ನಿಂದರತಿದ್ದವೋ ನೋಡತಿದ್ದೆ."

ಮಹಾಂತಪ್ಪ ಇದನ್ನು ಚೇಷ್ಟೆ ಎಂದುಕೊಂಡು ನಕ್ಕ. ಅರ್ಧ ಚೇಷ್ಟೆಯೇ ಆಗಿತ್ತು.

ಕಾತರಿನಾ ನಗಲಿಲ್ಲ. ಅವಳ ತಾಯಿ, ಅಕ್ಕ ಇಬ್ಬರೂ ಇದೇ ಜ್ವರದ ದಾರಿಯಲ್ಲಿ ಹೋದವರು. ಮುಂಡಗೋಡದ ದವಾಖಾನೆಯಲ್ಲಿ ಕಹಿ ಗುಳಿಗೆ ಕೊಡುತ್ತಾರೆ, ಪುಕ್ಕಟೆ ಕೊಡುತ್ತಾರೆ, ಸಂತೆಗೆ ಹೋಗುವ ಗಾಡಿಯಲ್ಲಿ ಕೂರಿಸಿಕೊಂಡು ಹೋದರೆ ಸಾಕು ಎಂದು ಅವಳು ಆಶ್ವೀಜದಲ್ಲಿ ಒಮ್ಮೆ ಹೇಳಿದಳು, ಕಾರ್ತಿಕದಲ್ಲಿ ಒಮ್ಮೆ ಹೇಳಿದಳು. ಮಹಾಂತಪ್ಪನ ಉತ್ತರ ಎರಡು ಸಲವೂ ಒಂದೇ. ಬಾಡಿದ್ದು ಕಂಡ ಕೂಡಲೇ ಬುಡಕ್ಕೆ ಸುರಿಯುವವರ ಗತಿ ಏನಾಯಿತೆಂದು ನಿನಗೇ ಗೊತ್ತಲ್ಲ? ತಾನಾಗಿ ಏಳುವ ಮೈಗೆ ಔಷಧ ಹಾಕಿದರೆ ಬೇರು ಕೊಳೆಯುತ್ತದೆ.

"ಆಕಿ ಗಿಡ ಅಲ್ಲ, ಮಾಂತಣ್ಣಾ," ಎಂದಳು ಕಾತರಿನಾ.

"ಜೀವ ಅಂದ್ರ ಎಲ್ಲಾ ಒಂದಽ ಜಾತಿ. ನಿನಗ ತಿಳಿಯೂದಿಲ್ಲ, ನೀರು ತಾ."

ಆದರೂ ಮಹಾಂತಪ್ಪ ಅಜಾಗರೂಕನೆಂದು ಯಾರೂ ಹೇಳುವಂತಿರಲಿಲ್ಲ. ನಸುಕಿನ ದರ್ಬಾರಿಗೆ ಒಂದು ಹೊಸ ಕಲಾಪ ಸೇರಿಸಿಕೊಂಡ. ಪಪ್ಪಾಯಿ, ಪೇರಲ, ಮಾವು, ಲಿಂಬೆ ಎಲ್ಲ ಮುಗಿಸಿ ಕಡೆಗೆ ಗುಡಿಸಲಿಗೆ ಬಂದು ಹೆಂಡತಿಯನ್ನು ನೋಡುತ್ತಿದ್ದ. ಮುಂಗೈಯಿಂದ ಹಣೆ ಮುಟ್ಟುತ್ತಿದ್ದ. ಹಣೆ ತಂಪಾಗಿರುತ್ತಿತ್ತು. ಮಾಲವ್ವ ಎದ್ದು, ಸೆರಗು ಹೊದ್ದು, ಒಲೆಯ ಮುಂದೆ ಕುಳಿತಿರುತ್ತಿದ್ದಳು. ಒಂದು ದಿನವೂ ತಪ್ಪಲಿಲ್ಲ. ಎಲ್ಲ ಗಿಡಗಳಿಗಿಂತ ಈ ಗಿಡವೇ ಹೆಚ್ಚು ನಂಬಿಗಸ್ತ ಎಂದು ಅವನು ಹೆಮ್ಮೆಪಟ್ಟುಕೊಂಡ. ಅವಳ ಉಗುರು ಬೆಳ್ಳಗಾದದ್ದನ್ನು ಕಂಡಿದ್ದ. ಗುಡಿಸಲಲ್ಲಿ ಬಹಳ ಹೊತ್ತು ಇರುವುದರಿಂದ ನೆರಳಿನ ಬಣ್ಣ ಎಂದುಕೊಂಡ. ಎಡಪಕ್ಕೆಯ ಕೆಳಗೆ ಜ್ವರಗಡ್ಡೆ ಬೆಳೆದು ಸೀರೆಯ ನಿರಿಗೆ ಓರೆಯಾದದ್ದನ್ನೂ ಕಂಡಿದ್ದ. ಅದಕ್ಕೆ ಅವನ ಶಾಸ್ತ್ರದಲ್ಲಿ ಹೋಲಿಕೆ ಸಿಗಲಿಲ್ಲ, ಆದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಪುಷ್ಯ ಮಾಸದ ಒಂದು ಬೆಳಗ್ಗೆ ಕಾವಳ ದಟ್ಟವಾಗಿತ್ತು. ಲಿಂಬೆಯ ಸಾಲು ಮುಗಿಸಿ ಮಹಾಂತಪ್ಪ ಗುಡಿಸಲಿಗೆ ಬಂದ. ಒಲೆ ಆರಿತ್ತು. ಮಾಲವ್ವ ಬಾಗಿಲ ಹತ್ತಿರ ಅರ್ಧ ಒಳಗೆ ಅರ್ಧ ಹೊರಗೆ ಬಿದ್ದಿದ್ದಳು, ಒಂದು ಕೈ ಬಾಗಿಲ ಕಂಬವನ್ನು ಹಿಡಿಯಲು ಚಾಚಿದಂತಿತ್ತು. ಮೈ ಸುಡುತ್ತಿತ್ತು. ಕಣ್ಣು ತೆರೆದಿದ್ದವು, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ಕರೆದರೆ ಉತ್ತರವಿಲ್ಲ. ನಸುಕಿನ ಸಾಕ್ಷಿ ಏನು ಹೇಳುತ್ತದೆಂದು ಮಹಾಂತಪ್ಪನಿಗೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ. ರುಮಾಲು ಎಲ್ಲಿ ಬಿತ್ತೋ ಅವನಿಗೆ ತಿಳಿಯಲಿಲ್ಲ.

ತೋಟದಲ್ಲಿದ್ದ ಧಣಿಯ ಗಾಡಿಗೆ ಎತ್ತು ಹೂಡಿ, ಹುಲ್ಲಿನ ಮೇಲೆ ಅವಳನ್ನು ಮಲಗಿಸಿ ಹೊರಟರು. ಕಾತರಿನಾ ಹಿಂದೆ ಕುಳಿತು ಮಾಲವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮಹಾಂತಪ್ಪ ಎತ್ತುಗಳ ಬಾಲ ಹಿಂಡುತ್ತ, ನಿನ್ನೆ ಬೆಳಗ್ಗೆ ಚೆನ್ನಾಗಿದ್ದಳು, ಎದ್ದು ಕುಳಿತಿದ್ದಳು, ನಾನೇ ನೋಡಿದ್ದೇನೆ ಎಂದು ಹೇಳುತ್ತಿದ್ದ. ಎತ್ತುಗಳಿಗೆ ಹೇಳುತ್ತಿದ್ದನೋ ಕಾತರಿನಾಳಿಗೋ ಸ್ಪಷ್ಟವಿರಲಿಲ್ಲ. ನಾಲ್ಕನೆಯ ಸಲ ಹೇಳಿದಾಗ ಕಾತರಿನಾ ಬಾಯಿ ಬಿಟ್ಟಳು.

"ಎದ್ದು ಕುಂತಿರಲಿಲ್ಲ, ಮಾಂತಣ್ಣಾ. ನಾ ಕುಂದರಸತಿದ್ದೆ."

ಮಹಾಂತಪ್ಪ ತಿರುಗಿ ನೋಡಿದ.

"ನೀ ಲಿಂಬಿ ಸಾಲಿನ್ಯಾಗ ಕೆಮ್ಮತಿದ್ದಿ. ಅದು ಕೇಳಿದ ಕೂಡಲೇ ಆಕಿ ಕೈ ಚಾಚತಿದ್ದಳು. ನಾ ಎತ್ತಿ ಒಲಿ ಮುಂದ ಕುಂದರಿಸಿ ಸೆರಗ ಹೊಚ್ಚತಿದ್ದೆ. ಹಣಿಗೆ ತಣ್ಣೀರ ಅರಿವಿ ಒತ್ತತಿದ್ದೆ. ಒಂದು ತಿಂಗಳಾತು. ಇವತ್ತ ಕಾವಳದಾಗ ನಾ ಬರೂದು ತಡಾ ಆತು."

ಯಾಕೆ ಹೇಳಲಿಲ್ಲ ಎಂದು ಅವನು ಕೇಳಿದ.

"ಆಣಿ ಹಾಕಿಸಿಕೊಂಡಿದ್ದಳು. ಊರ ತುಂಬ ಹೇಳಿಕೊಂಡು ಬಂದಾರ, ಅವರ ಮಾತು ಸುಳ್ಳಾಗಬಾರದು ಅಂದಳು."

ಗಾಡಿ ಮುಂಡಗೋಡದ ಹಾದಿಯಲ್ಲಿ ಒಂದು ಹಳ್ಳ ಇಳಿದು ಹತ್ತಿತು. ಎಲೆ ಯಾರ ಮರ್ಯಾದೆಗೂ ಎದ್ದು ನಿಲ್ಲುವುದಿಲ್ಲ, ಹೆಂಡತಿ ನಿಲ್ಲುತ್ತಾಳೆ. ಹದಿನೈದು ವರ್ಷದ ವಿದ್ಯೆಯಲ್ಲಿ ಈ ಒಂದು ಪಾಠ ಬಿಟ್ಟುಹೋಗಿತ್ತು. ಆ ಮುದಿ ಮಾಲಿ ಬ್ರಹ್ಮಚಾರಿ. ಹಿಂಡಬೇಕಾದ ಈ ಕಿವಿಯನ್ನು ಅವನೂ ಹಿಂಡಿರಲಿಲ್ಲ.

ದವಾಖಾನೆಯಲ್ಲಿ ಡಾಕ್ಟರು ಮಾಲವ್ವನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಕೆಂಪು ಎಂಬುದೇ ಇರಲಿಲ್ಲ. ಎಡಪಕ್ಕೆ ಒತ್ತಿದರು. ಎಷ್ಟು ದಿನದಿಂದ ಎಂದು ಕೇಳಿದರು. ನಾಲ್ಕು ತಿಂಗಳು ಎಂದ ಮಹಾಂತಪ್ಪ. ಇಲ್ಲಿಯವರೆಗೆ ಏನು ಮಾಡುತ್ತಿದ್ದೆ ಎಂದು ಅವರು ಕೇಳಿದಾಗ ಅವನು ಎಲ್ಲವನ್ನೂ ಹೇಳಿದ. ಮಧ್ಯಾಹ್ನ ಬಾಡುವುದು, ಸಂಜೆಗೆ ಏಳುವುದು, ನಸುಕಿನ ಸಾಕ್ಷಿ, ಕೊಳೆತ ಬೇರು, ಏನೂ ಬಿಡದೆ ಹೇಳಿದ. ಸ್ಟೋವಿನ ಮೇಲೆ ಸೂಜಿ ಕುದಿಯುವವರೆಗೂ ಡಾಕ್ಟರು ಕೇಳಿಸಿಕೊಂಡರು. ಬೈಯುತ್ತಾರೆಂದು ಅವನು ಕಾಯ್ದ, ಬೈಯಲೆಂದು ಆಸೆಪಟ್ಟ. ಅವರು ಬೈಯಲಿಲ್ಲ.

"ಸಂಜಿಗೆ ನಿನ್ನ ಹೆಂಡತಿ ಗುಣಾ ಆಗತಿದ್ದಿಲ್ಲೋ ತಮ್ಮಾ," ಎಂದರು. "ಜ್ವರ ದಮ್ಮು ತಗೋತಿತ್ತು."

ಸೂಜಿ ಹಾಕಿದರು. ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಒಯ್ಯಬೇಕು, ಮಧ್ಯಾಹ್ನದ ಬಸ್ಸಿಗೆ ಚೀಟಿ ಬರೆದುಕೊಡುತ್ತೇನೆ, ಆದರೆ ಎಂದು ಹೇಳಿ ಆ ಆದರೆಯನ್ನು ಅಲ್ಲಿಗೇ ಬಿಟ್ಟರು. ಬಸ್ಸು ಬರುವವರೆಗೆ ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿಸಿದರು. ಹನ್ನೆರಡು ಹೊಡೆದ ಮೇಲೆ ಮಾಲವ್ವನ ಕಣ್ಣಿಗೆ ನೋಟ ಬಂತು. ತುಟಿ ಅಲ್ಲಾಡಿತು.

"ಸಂಜಿ ಆತೇನ್ರಿ?"

ಹೀಗೆನ್ನುತ್ತ ಒಂದು ಮೊಣಕೈ ನೆಲಕ್ಕೆ ಊರಿ ಮೇಲೇಳಲು ಹೋದಳು. ಹೆಗಲು ಒಂದು ಗೇಣು ಎದ್ದಿತು. ಮಹಾಂತಪ್ಪ ಎರಡೂ ಕೈಯಿಂದ ಆ ಹೆಗಲನ್ನು ಹಿಡಿದು ಕೆಳಗೆ ಒತ್ತಿದ. ಅವಳು ಮತ್ತೆ ಎದ್ದಳು, ಅವನು ಮತ್ತೆ ಒತ್ತಿದ. ಇನ್ನೂ ಆಗಿಲ್ಲ, ಮಲಗು, ಇನ್ನೂ ಆಗಿಲ್ಲ ಎಂದು ಹೇಳುತ್ತಲೇ ಇದ್ದ. ಸ್ವಲ್ಪ ಹೊತ್ತಿಗೆ ಒತ್ತುವ ಅಗತ್ಯ ಉಳಿಯಲಿಲ್ಲ. ಬಸ್ಸು ಎಂದಿನಂತೆ ತಡವಾಗಿ ಬಂದು, ಎಂದಿನಂತೆ ಅವಸರದಲ್ಲಿ ಹೋಯಿತು.

ಮರುದಿನ ಬೆಳಗ್ಗೆ ತೋಟದ ಬೇಲಿಯ ಆಚೆ, ಕಾಡಿನ ಅಂಚಿನಲ್ಲಿ ಕುಣಿ ತೋಡಿದರು. ಜಾತಿಯವರು, ಬೀಗರು ಯಾರೂ ಹತ್ತಿರವಿರಲಿಲ್ಲ. ಕಾತರಿನಾಳ ಅಣ್ಣತಮ್ಮಂದಿರು ಮೂವರು ಗುದ್ದಲಿ ಹಿಡಿದು ಬಂದರು. ಮುಂಡಗೋಡದಿಂದ ಅಯ್ಯನವರು ವಿಭೂತಿಯ ಚೀಲ ಬಗಲಿಗೆ ಹಾಕಿಕೊಂಡು ಬಂದರು. ಹೆಣವನ್ನು ಕುಳ್ಳಿರಿಸಿ ಹೂಳುವ ಪದ್ಧತಿಯಾದ್ದರಿಂದ ಅವರು ಕೋಲಿನಿಂದ ನೆಲದ ಮೇಲೆ ಗೆರೆ ಎಳೆದು ಅಳತೆ ತೋರಿಸಿದ್ದರು: ಅಗಲಕ್ಕೂ ಉದ್ದಕ್ಕೂ ಎರಡೇ ಮೊಳ, ಆಳ ಮಾತ್ರ ಹೆಚ್ಚು. ಕಲ್ಲುನೆಲವಾದರೂ ಹುಡುಗರು ಬೇಗ ಮುಗಿಸಿದರು. ಅಯ್ಯನವರು ಗುಡಿಸಲ ಒಳಗೆ ಹೋಗಿ ನೋಡಿ ಹೌಹಾರಿ ಹೊರಗೆ ಬಂದರು. ಮಾಲವ್ವನನ್ನು ಗೋಡೆಗೆ ಆನಿಸಿ ಕುಳ್ಳಿರಿಸಿರಲಿಲ್ಲ. ಕೌದಿಯ ಮೇಲೆ ಅಂಗಾತ ಮಲಗಿದ್ದಳು, ಮೇಲೆ ಇನ್ನೊಂದು ಕೌದಿ ಹೊದಿಸಿತ್ತು. ನಿನ್ನೆಯೇ ಕೂರಿಸಿ ಕಟ್ಟಬೇಕಿತ್ತು, ಮೈ ಸೆಟೆದ ಮೇಲೆ ಕಷ್ಟ, ಆದರೂ ನಾಲ್ಕು ಮಂದಿ ಹಿಡಿದರೆ ಆದೀತು ಎಂದು ತೋಳು ಏರಿಸಿದರು.

ಮಹಾಂತಪ್ಪ ಬಾಗಿಲಲ್ಲಿ ಅಡ್ಡ ನಿಂತ.

"ಕುಂದರಸೂದು ಬ್ಯಾಡ್ರಿ, ಅಪ್ಪಾರ. ಹಂಗಽ ಮಲಗಿಸ್ರಿ."

ಅಯ್ಯನವರು ತಿಳಿಯಹೇಳಿದರು. ಕೈಯಲ್ಲಿ ಲಿಂಗ ಹಿಡಿದು ಕುಳಿತವಳು ಶಿವನಲ್ಲಿ ಸೇರುತ್ತಾಳೆ, ಮಲಗಿಸಿದರೆ ಮಣ್ಣು ಮಾಡಿದಂತೆ ಅಷ್ಟೇ. ತಲೆತಲಾಂತರದಿಂದ ನಡೆದುಬಂದದ್ದನ್ನು ಒಂದು ದಿನದ ದುಃಖಕ್ಕೆ ಮುರಿಯುತ್ತಾರೆಯೇ? ಊರಿನವರು, ಬೀಗರು ನಾಳೆ ಏನೆಂದಾರು?

"ಏನಾರ ಅನ್ನಲಿ. ನಾಲ್ಕು ತಿಂಗಳು ಆಕಿನ್ನ ಎಬ್ಬಿಸಿ ಎಬ್ಬಿಸಿ ಕುಂದರಿಸಿದ್ದು ಸಾಕು. ಇನ್ನ ಏಳೂದು ಬ್ಯಾಡ."

ಅಯ್ಯನವರು ಅವನ ಮುಖವನ್ನು ನೋಡಿದರು. ಆಮೇಲೆ ಕುಣಿಯನ್ನು ನೋಡಿದರು. ಮಲಗಿಸಿದರೆ ಈ ಕುಣಿಯಲ್ಲಿ ಹಿಡಿಯುವುದಿಲ್ಲ ಎಂದರು. ಅದು ಶಾಸ್ತ್ರವೇನಲ್ಲ, ಬರಿಯ ಅಳತೆ. ಆದರೆ ವಾದಕ್ಕೆ ಅವರ ಹತ್ತಿರ ಅಷ್ಟೇ ಉಳಿದಿತ್ತು.

ಮಹಾಂತಪ್ಪ ಒಬ್ಬ ಹುಡುಗನ ಕೈಯಿಂದ ಗುದ್ದಲಿ ಇಸಿದುಕೊಂಡು ಕುಣಿಯೊಳಗೆ ಇಳಿದ. ಮೂಡಣ ಗೋಡೆಯನ್ನು ಅಗೆಯತೊಡಗಿದ. ಉದ್ದಕ್ಕೆ ಇನ್ನೂ ಎರಡು ಮೊಳ ಬೇಕಾಗಿತ್ತು. ಆ ಕಡೆ ತೇಗದ ಬೇರು ಅಡ್ಡ ಬಂದಿದ್ದವು, ತೊಡೆಯಷ್ಟು ದಪ್ಪ. ಕಾತರಿನಾಳ ಅಣ್ಣ ಕೊಡಲಿ ತರುತ್ತೇನೆಂದು ಕೇರಿಗೆ ಹೋದ. ಅಯ್ಯನವರು ಬೇಲಿಯ ಪಕ್ಕದ ಕಲ್ಲಿನ ಮೇಲೆ ಚೀಲ ಇಟ್ಟುಕೊಂಡು ಕುಳಿತರು. ಬಿಸಿಲು ನೆತ್ತಿಗೆ ಬಂತು. ಕುಣಿಯೊಳಗಿಂದ ಮಣ್ಣು ಮೇಲೆ ಬಂದು ಬೀಳುತ್ತಿತ್ತು. ಹುಡುಗರು ಮೂರು ಸಲ ಕೇಳಿದರೂ ಅವನು ಗುದ್ದಲಿ ಕೊಡಲಿಲ್ಲ.